ಹಳೆಯ ನಾಗಸ್ವರ ಮತ್ತು ಮೇಣದ ಮದ್ದು

ಕುಂಭಕೋಣಂ ಸಮೀಪದ ನರಸಿಂಗಂಪೇಟ್ಟೈಯ ಕುಶಲಕರ್ಮಿಗಳು ಹಳೆಯ ಮನೆಗಳಿಂದ ಬಿಚ್ಚಿ ತಂದ, ದಶಕಗಳ ಕಾಲ ಒಣಗಿ ಹದಗೊಂಡ ಆಚ್ಚಾ ಎಂಬ ಗಟ್ಟಿಮರದಲ್ಲಿ ನಾಗಸ್ವರವನ್ನು ಕೊರೆಯುವುದರಿಂದ, ಆ ವಾದ್ಯ ಮುಪ್ಪಿಗೆ ಸುಲಭವಾಗಿ ಸೋಲುವುದಿಲ್ಲ. ಆದರೂ ಉಸಿರಿನ ತೇವ ಮತ್ತು ಧೂಳಿನಿಂದ ಅದರ ಶ್ರುತಿ ಕದಲಿದಾಗ, ಅದನ್ನು ಮರಳಿ ನೆಲೆಗೊಳಿಸುವ ಅನುಭವಿ ವಾದಕರ ಜಾಣ್ಮೆ ಬೆರಗು ಹುಟ್ಟಿಸುವಂಥದು.

ಅವರ ಮೊದಲ ಗಮನ ಸೀವಾಳಿಯ ಮೇಲೆ, ಅಂದರೆ ತುಟಿಗಳ ನಡುವೆ ಕಂಪಿಸುವ, ಜೊಂಡುಹುಲ್ಲಿನಿಂದ ಮಾಡಿದ ಜೋಡಿ ನಾಲಿಗೆಯ ಮೇಲೆ ಹರಿಯುತ್ತದೆ. ಅದನ್ನು ಹೊತ್ತ ಲೋಹದ ಕಿರುನಾಳವನ್ನು ತುಸು ಒಳಕ್ಕೆ ಒತ್ತಿದರೆ ಗಾಳಿಯ ಕಂಬ ಗಿಡ್ಡವಾಗಿ ಶ್ರುತಿ ಏರುತ್ತದೆ, ಹೊರಕ್ಕೆಳೆದರೆ ಇಳಿಯುತ್ತದೆ; ಆದರೆ ಈ ಬದಲಾವಣೆ ಬಾಯಿಗೆ ಹತ್ತಿರದ ರಂಧ್ರಗಳ ಸ್ವರಗಳನ್ನೇ ಹೆಚ್ಚು ಅಲುಗಿಸುವುದರಿಂದ, ಬಿಡಿಸ್ವರಗಳ ದೋಷಕ್ಕೆ ಬೇರೆಯೇ ಮದ್ದು ಬೇಕಾಗುತ್ತದೆ.

ಆ ಮದ್ದು ಮೇಣ. ರಂಧ್ರದ ಅಂಚಿಗೆ ಅದನ್ನು ಲೇಪಿಸಿ ಬಾಯನ್ನು ಕಿರಿದುಗೊಳಿಸಿದರೆ ಸ್ವರ ಕೂದಲೆಳೆಯಷ್ಟು ತಗ್ಗುತ್ತದೆ, ಕೆರೆದು ತೆಗೆದರೆ ಏರುತ್ತದೆ. ಬೆರಳಾಡುವ 7 ರಂಧ್ರಗಳಲ್ಲದೆ ಕೆಳತುದಿಯ 5 ರಂಧ್ರಗಳನ್ನೂ ಮೇಣದಿಂದ ಮುಚ್ಚಿ ಅಥವಾ ತೆರೆದು ಶ್ರುತಿಯನ್ನು ಸರಿಹೊಂದಿಸುವ ರೂಢಿಯಿದೆ. ಮರವನ್ನು ಒಮ್ಮೆ ಕೊರೆದರೆ ಮತ್ತೆ ತುಂಬಲಾಗದು, ಮೇಣವನ್ನಾದರೋ ಮರುಗಳಿಗೆಯಲ್ಲೇ ತೆಗೆಯಬಹುದು. ವಾದ್ಯಕ್ಕೆ ಗಾಯಮಾಡದೆ, ಹಿಂದಿನ ಕುಶಲಕರ್ಮಿಯ ಕೆಲಸವನ್ನು ಕೆಡಿಸದೆ, ಕಿವಿಯ ತೀರ್ಪನ್ನೇ ನಂಬಿ ನಡೆಯುವ ಈ ತಿದ್ದುಪಡಿಯಲ್ಲಿ ಪರಂಪರೆಯ ವಿವೇಕವೂ ವಿನಯವೂ ಒಟ್ಟಿಗೆ ಕಾಣುತ್ತವೆ.