ಈಡಿಪಸನೂ ಕನ್ನಡದ ಒಬ್ಬ ತಾಯಿಯೂ

ತಾಯಿಮಕ್ಕಳ ದಾಂಪತ್ಯವೆಂಬುದನ್ನು ನೆನೆದ ಮಾತ್ರಕ್ಕೆ ಮನುಷ್ಯನು ಬೆದರುತ್ತಾನೆ. ಈ ನಿಷೇಧದ ಬೇರು ಯಾವುದೆಂಬಲ್ಲಿ ಪಂಡಿತರು ಏಕಮತರಲ್ಲ. ಎಳವೆಯಿಂದ ಒಡನೆ ಬಾಳಿದವರಲ್ಲಿ ವಿಮುಖತೆ ತಾನಾಗಿ ಹುಟ್ಟುವುದೆಂದು ವೆಸ್ಟರ್‌ಮಾರ್ಕನು 1891ರಲ್ಲಿ ಪ್ರತಿಪಾದಿಸಿದನು. ಯಾರೂ ಬಯಸದುದನ್ನು ಶಾಸನವು ತಡೆಯಬೇಕೇಕೆ ಎಂದು ಫ್ರೇಜರನು ಕೇಳಿದನು. ಆ ಪ್ರಶ್ನೆಯನ್ನೇ ಹಿಡಿದು ಫ್ರಾಯ್ಡನು ತನ್ನ 1913ರ ‘ಟೋಟೆಮ್ ಮತ್ತು ಟ್ಯಾಬೂ’ ಗ್ರಂಥದಲ್ಲಿ, ನಿಷೇಧವಿರುವಲ್ಲಿ ಅಡಗಿದ ಬಯಕೆಯೂ ಉಂಟೆಂದು ವಾದಿಸಿದನು. ಅರಿಯದೆ ತಂದೆಯನ್ನು ಕೊಂದು ತಾಯಿಯನ್ನು ವರಿಸಿದ ಗ್ರೀಕರ ಈಡಿಪಸನು ಅವನಿಗೆ ಮನುಷ್ಯಮಾತ್ರರ ಪ್ರತಿನಿಧಿಯಾದನು.

ಈ ವಾದವನ್ನು ಒರೆಗೆ ಹಚ್ಚತಕ್ಕ ಕಥೆಯೊಂದು ಕನ್ನಡದಲ್ಲಿಯೇ ಉಂಟು. ಉತ್ತರ ಕರ್ನಾಟಕದ ಹೆಣ್ಣುಮಗಳೊಬ್ಬಳು ಹೇಳಿದ ಅದನ್ನು ಎ. ಕೆ. ರಾಮಾನುಜನ್ ಅವರು ಭಾರತದ ಈಡಿಪಸನನ್ನು ಕುರಿತು 1983ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಚರ್ಚಿಸಿದ್ದಾರೆ. ಮಗನನ್ನೇ ವರಿಸಿ ಅವನಿಂದ ಮಗುವನ್ನು ಹೆರುವ ಶಾಪ ಹೊತ್ತವಳೊಬ್ಬಳು ಅದನ್ನು ತಪ್ಪಿಸಲು ಕಾಡು ಸೇರುತ್ತಾಳೆ. ಅಲ್ಲಿ ದೊರೆಯೊಬ್ಬನ ಸೋಂಕು ತಗುಲಿದ ಮಾವಿನ ಹಣ್ಣನ್ನು ತಿಂದು ಬಸುರಾಗುತ್ತಾಳೆ. ಹುಟ್ಟಿದ ಕೂಸನ್ನು ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ಅನ್ಯರಲ್ಲಿ ಬೆಳೆದ ಆ ಮಗನೇ ಬಂದು ಅವಳ ಕೈಹಿಡಿಯುತ್ತಾನೆ. ಮಗು ಹುಟ್ಟಿದ ಮೇಲೆ, ಗಂಡನ ಎಳೆತನದ ಬಟ್ಟೆಯಲ್ಲಿ ಅವಳು ತನ್ನ ಸೀರೆಯ ತುಂಡನ್ನು ಕಾಣುತ್ತಾಳೆ. ಎಲ್ಲರೂ ಮಲಗಿದಾಗ ಕೂಸನ್ನು ಮಗನೆಂದೂ ಮೊಮ್ಮಗನೆಂದೂ ಮೈದುನನೆಂದೂ ಕರೆದು ಜೋಗುಳ ಹಾಡಿ, ಸೀರೆಯನ್ನೇ ಹೊಸೆದು ಉರುಲು ಹಾಕಿಕೊಳ್ಳುತ್ತಾಳೆ.

ಇಲ್ಲಿ ಪಿತೃಹತ್ಯೆಯಿಲ್ಲ, ತಂದೆಯೊಡನೆ ಮಗನ ಸ್ಪರ್ಧೆಯ ಸುಳಿವೂ ಇಲ್ಲ. ಸೊಫೋಕ್ಲಿಸನ ನಾಟಕದಲ್ಲಿ ತಾಯಿಯ ಮರಣವು ಮರೆಯಲ್ಲಿ ನಡೆದು, ಪರರ ಬಾಯಿಂದ ವಾರ್ತೆಯಾಗಿ ಬರುತ್ತದೆ. ಕನ್ನಡದ ಕಥೆಯಲ್ಲಾದರೋ ಅರಿವೂ ಅಳಲೂ ಅವಳವೇ. ಕಾಡಿಗೆ ಓಡಿದುದೇ ಅಡಗಿದ ಬಯಕೆಗೆ ಸಾಕ್ಷಿಯೆಂದು ಫ್ರಾಯ್ಡನ ಅನುಯಾಯಿಗಳು ಹೇಳಬಹುದು. ಆದರೆ ಬಯಸಿದರೂ ಪ್ರಮಾಣ, ಬೆದರಿದರೂ ಪ್ರಮಾಣವೆಂದಾದರೆ ಆ ಸಿದ್ಧಾಂತವನ್ನು ಪರೀಕ್ಷಿಸುವ ಬಗೆ ಯಾವುದು? ವೆಸ್ಟರ್‌ಮಾರ್ಕನ ಮಾತು ಒಂದಿಷ್ಟು ಹೊಂದುತ್ತದೆ: ಹುಟ್ಟಿದೊಡನೆ ಅಗಲಿದವರಲ್ಲಿ ವಿಮುಖತೆ ಬೆಳೆಯಲು ಎಡೆಯಿರಲಿಲ್ಲ. ಆದರೆ ಗುರುತು ಸಿಕ್ಕಿದ ಮೇಲಿನ ಘೋರವನ್ನು ಅದು ಬಿಡಿಸದು.

ಅದನ್ನು ಬಿಡಿಸುವುದು ಜೋಗುಳ. ಒಂದೇ ಕೂಸಿಗೆ ಮೂರು ಸಂಬಂಧಗಳು ಸಲ್ಲುವಲ್ಲಿ ಒಂದೂ ನಿಲ್ಲದು. ಆ ಮನೆಯಲ್ಲಿ ಅವಳು ತಾನಾರೆಂದು ಹೇಳಿಕೊಳ್ಳಲಾರಳು. ನಿಷೇಧವು ಬಯಕೆಗೆ ಹಾಕಿದ ಕಡಿವಾಣವಿರಬಹುದು. ಅದಕ್ಕೂ ಮಿಗಿಲಾಗಿ, ಅಮ್ಮ ಮಗನೆಂಬ ಮಾತುಗಳಿಗೆ ಅರ್ಥವಿತ್ತ ಕಟ್ಟಳೆಯದು. ಮಗನ ಕಡೆಯಿಂದಲೇ ನೋಡಿದ ಶಾಸ್ತ್ರಕ್ಕೆ ತೋರದಿದ್ದ ಈ ಸಂಗತಿಯನ್ನು ತಾಯಿಯ ಹಾಡು ತೋರಿಸಿಕೊಡುತ್ತದೆ.