‘ಕಾಣಿಕೆ’ ಕೊಟ್ಟವರು ಯಾರು?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅವನ ಮಲಗುವ ಕೋಣೆಯ ಕತ್ತಿಯನ್ನು ಸೈನ್ಯ ತನ್ನ ಮೇಜರ್ ಜನರಲ್ ಡೇವಿಡ್ ಬೇರ್ಡ್‌ಗೆ ‘ಕಾಣಿಕೆ’ ಕೊಟ್ಟಿತು. ಕತ್ತಿಯಷ್ಟೇ ಅಲ್ಲ, ಸಿಂಹಾಸನದ ಮೇಲಿದ್ದ ಹುಮಾ ಹಕ್ಕಿಯೂ ದೊರೆ ಮೂರನೇ ಜಾರ್ಜ್‌ಗೆ ಕಂಪನಿಯ ‘ಕಾಣಿಕೆ’ಯಾಗಿ ಹೋಯಿತು.

ನನ್ನ ತಕರಾರು ಈ ಪದದ ಮೇಲೆ. ಕಾಣಿಕೆ ಅಂದರೆ ತನ್ನದನ್ನು ಮನಸಾರೆ ಕೊಡೋದು. ಇಲ್ಲಿ ಕೊಟ್ಟೋನೂ ಲೂಟಿಕೋರ, ಇಸ್ಕೊಂಡೋನೂ ಲೂಟಿಕೋರ. ಒಡೆಯ ಹೆಣವಾಗಿ ಬಿದ್ದಿದ್ದಾನೆ. ಹಬ್ಬಕ್ಕೆ ಗೌಡರ ಮನೆಗೆ ಕೋಳಿ ಹೊತ್ತುಕೊಂಡು ಹೋದ ನಮ್ಮ ಹಿರಿಯರಿಗೆ ಈ ಪದದ ಒಳಗುಟ್ಟು ಗೊತ್ತಿತ್ತು: ಕೊಡದಿದ್ದರೆ ಏನಾಗುತ್ತೆ ಅನ್ನೋದೇ ಅದರ ಅರ್ಥ. ಲೂಟಿಯ ಮಾಲು ದೊರೆಯ ಕೈ ಸೇರಿದ ಮೇಲೆ ಅದನ್ನು ಲೂಟಿ ಅಂತ ಯಾರು ಅಂದಾರು?

ಟಿಪ್ಪುವೂ ಅರಸನೇ; ಅವನ ಪರ ವಕಾಲತ್ತು ನನ್ನ ಕೆಲಸವಲ್ಲ. ಆದರೆ ಕಂಪನಿಯ ಮದರಾಸು ಸೈನ್ಯದಲ್ಲಿ ಪರೆಯರಂಥ ಅಸ್ಪೃಶ್ಯರೂ ಸಿಪಾಯಿಗಳಾಗಿ ದುಡಿದರಲ್ಲ, ಅವರ ಸುದ್ದಿ ಯಾಕೆ ಯಾರೂ ಎತ್ತೋದಿಲ್ಲ? ಲೂಟಿ ಹಂಚುವಾಗ ಬಿಳಿ ಸಿಪಾಯಿಗಿಂತ ಕರಿ ಸಿಪಾಯಿಗೆ ಪಾಲು ಕಡಿಮೆ. ಕತ್ತಿಯ ಕಾಣಿಕೆ ಅವರಿಗೆ ದೂರದ ಮಾತು.

ಬೇರ್ಡ್‌ಗೆ ಸಿಕ್ಕ ಆ ಕತ್ತಿ 2023ರ ಮೇ 23ರಂದು ಲಂಡನ್ನಿನ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು.