ನೋಬಿತಾನ ಹಿಂದಿ, ನಮ್ಮ ಮಕ್ಕಳ ನಗು

ಬಸವಕಲ್ಯಾಣ ಮತ್ತು ಹುಮ್ನಾಬಾದಿನ ಮನೆಗಳಲ್ಲಿ ಮಕ್ಕಳ ಬಗ್ಗೆ ಹೇಳುವ ದೂರುಗಳಲ್ಲಿ ಕಳೆದ ಇಪ್ಪತ್ತು ವರ್ಷಗಳಿಂದ ಒಂದು ನೀಲಿ ಬೆಕ್ಕಿನ ಹೆಸರೂ ಸೇರಿಕೊಂಡಿದೆ. ಮಗ ಊಟಕ್ಕೆ ಕರೆದರೆ ಟಿವಿ ಬಿಟ್ಟು ಏಳುವುದಿಲ್ಲ. ಮಗಳು ಹೋಂವರ್ಕ್ ಬದಿಗಿಟ್ಟು ಮೊಬೈಲಿನಲ್ಲಿ ಅದನ್ನೇ ನೋಡುತ್ತಾಳೆ. ಇಬ್ಬರೂ ಮನೆಯಲ್ಲಿ ಬೇರೆ ಯಾರೂ ಆಡದ ಒಂದು ಹಿಂದಿಯಲ್ಲಿ ಜಗಳವಾಡುತ್ತಾರೆ. ಮೊದಲ ಎರಡು ದೂರುಗಳು ಎಲ್ಲ ಊರುಗಳವು. ಮೂರನೆಯದನ್ನು ಮಾತ್ರ ನಮ್ಮ ಭಾಗದವರು ಸ್ವಲ್ಪ ನಿಂತು ಯೋಚಿಸಬೇಕು. ಡೋರೇಮಾನ್ ಎಂಬ ಜಪಾನಿ ಕಾರ್ಟೂನ್ ಸರಣಿಯ ಕುರಿತ ಈ ವಿಮರ್ಶೆಯ ಉದ್ದೇಶ ಅದೇ.

ಫುಜಿಕೋ ಎಫ್. ಫುಜಿಯೋ ಎಂಬ ಕಾವ್ಯನಾಮದ ಹಿರೋಶಿ ಫುಜಿಮೋಟೋ 1969ರ ಕೊನೆಯಲ್ಲಿ ಈ ಚಿತ್ರಕಥೆಯನ್ನು ಜಪಾನಿನ ಮಕ್ಕಳ ಪತ್ರಿಕೆಗಳಲ್ಲಿ ಆರಂಭಿಸಿದರು. 1973ರಲ್ಲಿ ಅದು ಮೊದಲ ಬಾರಿಗೆ ಟಿವಿಗೆ ಬಂತು. 1979ರಲ್ಲಿ ಆರಂಭವಾದ ಸರಣಿ 2005ರವರೆಗೆ ನಡೆಯಿತು, ಅದೇ ವರ್ಷ ಹೊಸ ಸರಣಿ ಶುರುವಾಯಿತು. ಲೇಖಕರು 1996ರಲ್ಲಿ ತೀರಿಕೊಂಡರೂ ಅವರ ಬೆಕ್ಕು ಉಳಿಯಿತು. 2008ರಲ್ಲಿ ಜಪಾನಿನ ವಿದೇಶಾಂಗ ಸಚಿವಾಲಯ ಅದನ್ನು ತನ್ನ ಕಾರ್ಟೂನ್ ರಾಯಭಾರಿಯನ್ನಾಗಿಯೂ ನೇಮಿಸಿತು. ಭಾರತದ ಮಕ್ಕಳಿಗೆ ಇದು 2005ರಿಂದ ಹಿಂದಿಯಲ್ಲಿ ಪರಿಚಯವಾಯಿತು.

ಕಥೆ ಸರಳ. ನೋಬಿತಾ ಓದಿನಲ್ಲಿ ಹಿಂದೆ, ಆಟದಲ್ಲಿ ಹಿಂದೆ, ಧೈರ್ಯದಲ್ಲೂ ಹಿಂದೆ. ಅವನ ಮರಿಮೊಮ್ಮಗನ ಕಾಲದವರು ಈ ಅಜ್ಜನ ದೆಸೆಯಿಂದ ಸಾಲದಲ್ಲಿ ಮುಳುಗಿದ್ದಾರೆ. ಆದ್ದರಿಂದ ಅಜ್ಜನನ್ನು ಬಾಲ್ಯದಲ್ಲೇ ತಿದ್ದಲು 22ನೆಯ ಶತಮಾನದಿಂದ ಒಂದು ಯಂತ್ರಬೆಕ್ಕನ್ನು ಕಳುಹಿಸುತ್ತಾರೆ. ಬೆಕ್ಕಿಗೆ ಇಲಿಯೆಂದರೆ ಭಯ. ಹೊಟ್ಟೆಯ ಮೇಲೊಂದು ಜೇಬು; ಅದರಲ್ಲಿ ಕೈಯಿಟ್ಟರೆ ಬೇಕಾದ ಉಪಕರಣ ಹೊರಬರುತ್ತದೆ. ತಲೆಗೆ ಸಿಕ್ಕಿಸಿಕೊಂಡು ಹಾರುವ ಬಿದಿರಿನ ಕಾಪ್ಟರ್, ತೆರೆದರೆ ಬೇಕಾದ ಊರಿಗೆ ಒಯ್ಯುವ ಬಾಗಿಲು, ಹೀಗೆ.

ಇದು ಮಕ್ಕಳಿಗೆ ಸೋಮಾರಿತನ ಕಲಿಸುತ್ತದೆ ಎಂಬುದು ಹಿರಿಯರ ಸಾಮಾನ್ಯ ಆರೋಪ. ನೆನಪಿನ ಬ್ರೆಡ್ಡಿನ ಕಥೆಯನ್ನು ನೋಡಿದವರು ಹಾಗೆನ್ನಲಾರರು. ಪಾಠದ ಪುಟದ ಮೇಲೆ ಬ್ರೆಡ್ ಒತ್ತಿ ತಿಂದರೆ ಆ ಪುಟ ಬಾಯಿಪಾಠವಾಗುತ್ತದೆ. ನೋಬಿತಾ ಆಸೆಬಿದ್ದು ತಿಂದೇ ತಿನ್ನುತ್ತಾನೆ. ಹೊಟ್ಟೆ ಕೆಡುತ್ತದೆ, ಶೌಚಕ್ಕೆ ಓಡುತ್ತಾನೆ, ಬ್ರೆಡ್ಡಿನೊಂದಿಗೆ ಕಲಿತದ್ದೂ ಹೋಗುತ್ತದೆ. ಹೆಚ್ಚಿನ ಕಂತುಗಳ ನಡಿಗೆ ಇದೇ: ಅಳು, ಉಪಕರಣ, ದುರಾಸೆ, ಪತನ. ಅಡ್ಡದಾರಿ ಹಿಡಿದವನು ನಗೆಪಾಟಲಾಗುತ್ತಾನೆ ಎಂಬುದನ್ನು ಉಪದೇಶವಿಲ್ಲದೆ ಹೇಳುವ ಬಗೆ ಇದು. ಗೈಡು, ಟ್ಯೂಷನ್ನು, ಅಂಕಗಳ ಓಟದಲ್ಲಿ ಮಕ್ಕಳನ್ನು ನೂಕಿರುವ ನಮಗೆ ಆ ಬ್ರೆಡ್ಡಿನ ಕಥೆ ಸ್ವಲ್ಪ ಚುಚ್ಚಲೂಬೇಕು. ಪರೀಕ್ಷೆ ಮುಗಿದ ಮರುದಿನ ನಮ್ಮ ಮಕ್ಕಳಲ್ಲಿ ಉಳಿಯುವುದಾದರೂ ಎಷ್ಟು?

ಸರಣಿಯಲ್ಲಿ ದೋಷಗಳಿಲ್ಲವೆಂದಲ್ಲ. ಶಿಝೂಕಾ ಜಾಣ ಹುಡುಗಿ. ಆದರೂ ಕಥೆಗಾರರು ಅವಳನ್ನು ಬಹಳ ಸಲ ಹುಡುಗರು ಗೆಲ್ಲಬೇಕಾದ ಬಹುಮಾನದಂತೆ ನಿಲ್ಲಿಸುತ್ತಾರೆ. ಅವಳ ಸ್ನಾನದ ಕೋಣೆಯನ್ನು ಹಾಸ್ಯಕ್ಕೆ ಬಳಸುವ ಹಳೆಯ ಚಟವಂತೂ ಹಯಾ ಬಲ್ಲ ಯಾವ ಮನೆಯೂ ಒಪ್ಪುವಂಥದ್ದಲ್ಲ. ಜಿಯಾನ್ ಎಂಬ ಪುಂಡ ದುರ್ಬಲರನ್ನು ಬಡಿಯುವುದು ಪ್ರತಿದಿನದ ತಮಾಷೆಯಾಗುತ್ತದೆ. ಇವನ್ನು ತಂದೆತಾಯಿ ಪಕ್ಕದಲ್ಲಿ ಕುಳಿತು ನೋಡಿ, ತಪ್ಪನ್ನು ತಪ್ಪೆಂದು ಹೇಳಬೇಕು. ರಿಮೋಟ್ ಕಿತ್ತುಕೊಳ್ಳುವುದಕ್ಕಿಂತ ಅದು ಕಷ್ಟದ ಕೆಲಸ.

ಇನ್ನು ಕೆಲವರಿಗೆ ಇಂಥ ಅದ್ಭುತ ಕಲ್ಪನೆಯೇ ಸಂಶಯಾಸ್ಪದ. ಅವರು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿರುವ ಒಂದು ಪ್ರಸಂಗವನ್ನು ನೆನೆಯಬೇಕು. ಹ. ಆಯಿಶಾ(ರ)ರ ಗೊಂಬೆಗಳ ನಡುವೆ ರೆಕ್ಕೆಯಿರುವ ಕುದುರೆಯೊಂದಿತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ(ಸ) ಕೇಳಿದಾಗ, ಸುಲೈಮಾನ(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದು ನಿಮಗೆ ತಿಳಿಯದೇ ಎಂಬ ಉತ್ತರ ಬಂತು. ಪ್ರವಾದಿ(ಸ) ಮನಸಾರೆ ನಕ್ಕರು.

ನಮ್ಮ ಪರಂಪರೆಯಲ್ಲಿ ಈ ಬೆಕ್ಕಿನ ಬಂಧುಗಳೂ ಇದ್ದಾರೆ. ಅಮೀರ್ ಹಂಝಾ ದಾಸ್ತಾನಿನ ಅಮರ್ ಅಯ್ಯಾರನ ಹೆಗಲಲ್ಲಿ ಝಂಬೀಲ್ ಎಂಬ ಚೀಲವಿದೆ. ಅದರೊಳಗೆ ಇಡೀ ಲೋಕಗಳೇ ಅಡಗುತ್ತವೆ, ಬೇಕಾದ್ದು ಹೊರಬರುತ್ತದೆ. ಅವನೂ ಆಸೆಬುರುಕ, ನಗಿಸುವವನು. ಡೋರೇಮಾನನ ಜೇಬು ಅದರ ತಮ್ಮನಂತಿದೆ. ದಖನಿಯಲ್ಲಿ ದೊರೆತಿರುವ ಅತಿ ಹಳೆಯ ಮಸ್ನವಿ 'ಕದಮ್ ರಾವ್ ಪದಮ್ ರಾವ್' 15ನೆಯ ಶತಮಾನದ ಬಹಮನಿ ಆಡಳಿತದಲ್ಲಿ ಫಖ್ರುದ್ದೀನ್ ನಿಝಾಮಿ ಬರೆದದ್ದು. ಅದರಲ್ಲಿ ಯೋಗಿಯೊಬ್ಬ ರಾಜನ ದೇಹವನ್ನು ಅಪಹರಿಸುತ್ತಾನೆ, ರಾಜನ ಜೀವ ಗಿಳಿಯೊಳಗೆ ಸೇರುತ್ತದೆ, ನಾಗರಾಜ ಅವನ ಮಂತ್ರಿ. ಅದಕ್ಕೂ ನಾಲ್ಕು ಶತಮಾನ ಮೊದಲು, ಸುಮಾರು 1031ರಲ್ಲಿ, ಕಲ್ಯಾಣದ ಚಾಲುಕ್ಯರ ಅಧಿಕಾರಿ ದುರ್ಗಸಿಂಹ ಮಾತಾಡುವ ಪ್ರಾಣಿಗಳ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದ. ಮಾತಾಡುವ ಬೆಕ್ಕು ನಮ್ಮ ಸೀಮೆಗೆ ಹೊಸದಲ್ಲ. ಅದು ಆಡುವ ಭಾಷೆ ಹೊಸದು.

ಡೋರೇಮಾನನ ಜೇಬಿನಲ್ಲಿ ಅನುವಾದದ ಕೊನ್ಯಾಕು ಎಂಬ ತಿನಿಸೊಂದಿದೆ. ಕೊನ್ಯಾಕು ಎಂದರೆ ನಮ್ಮ ಸುವರ್ಣಗಡ್ಡೆಯ ಕುಲದ ಗಡ್ಡೆಯಿಂದ ಮಾಡುವ ಜಪಾನಿ ಆಹಾರ. ಅದನ್ನು ತಿಂದವರಿಗೆ ಎಲ್ಲ ಭಾಷೆಗಳೂ ತಿಳಿಯುತ್ತವೆ. ಬೀದರ್ ಜಿಲ್ಲೆಯ ಮಗುವಿಗೆ ಆ ತಿನಿಸು ಬೇಕಿರಲಿಲ್ಲ. ಕನ್ನಡ, ದಖನಿ, ಮರಾಠಿ, ತೆಲುಗು ಒಂದೇ ಸಂತೆಯಲ್ಲಿ ಅದರ ಕಿವಿಗೆ ಬೀಳುತ್ತವೆ. ಹುಮ್ನಾಬಾದ್ ಪಕ್ಕದ ಮಾಣಿಕನಗರದ ಮಾಣಿಕಪ್ರಭುಗಳು 19ನೆಯ ಶತಮಾನದಲ್ಲಿ ಮರಾಠಿ, ಕನ್ನಡ, ಹಿಂದೂಸ್ತಾನಿಗಳಲ್ಲಿ ಪದ ಕಟ್ಟಿದ್ದು ಈ ಮಣ್ಣಿನ ಸಹಜ ಗುಣದಿಂದಲೇ. ಈಗ ಅದೇ ಮಗು ಮನೆಯಲ್ಲಿ ಅಜ್ಜಿ "ನಕ್ಕೋ" ಎಂದರೆ "ನಹೀಂ" ಎಂದು ತಿದ್ದುತ್ತದೆ. "ಕಾಯ್ಕು" ಎಂದರೆ ನಗುತ್ತದೆ. ಟಿವಿಯ ಹಿಂದಿ ತನ್ನ ಮನೆಮಾತಿಗೆ ಹತ್ತಿರದ್ದಾದ್ದರಿಂದ, ಮನೆಮಾತೇ ಆ ಹಿಂದಿಯ ಕೆಟ್ಟ ನಕಲೆಂದು ಅದಕ್ಕೆ ತೋರುತ್ತದೆ.

ಇದರಲ್ಲಿ ಬೇಸರದ ಸಂಗತಿಯೆಂದರೆ, ದಖನಿಯ ದೊಡ್ಡ ಹಾಸ್ಯಕವಿಯೊಬ್ಬ ಹುಟ್ಟಿದ್ದು ಹುಮ್ನಾಬಾದಿನ ನೆರೆಯ ಚಿಟಗುಪ್ಪದಲ್ಲಿ. ಸುಲೈಮಾನ್ ಖತೀಬ್ ಅತ್ತೆ ಸೊಸೆಯರ ಜಗಳವನ್ನು, ಬಡವರ ಮನೆಯ ಮದುವೆಯ ಚಿಂತೆಯನ್ನು ಅಡುಗೆಮನೆಯ ದಖನಿಯಲ್ಲೇ ಬರೆದರು. ಮುಶಾಯಿರಾದಲ್ಲಿ ಜನ ಅವರಿಗೆ ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದಿ ಸಿನೆಮಾ ದಖನಿಯನ್ನು ಅಡುಗೆಭಟ್ಟನ ಬಾಯಿಗೆ ಕೊಟ್ಟು ಅದನ್ನು ನೋಡಿ ನಕ್ಕಿತು. ಖತೀಬರು ಆ ಭಾಷೆಯಲ್ಲೇ ಲೋಕವನ್ನು ನೋಡಿ ನಕ್ಕರು. ಅವರ 'ಕೇವಡೆ ಕಾ ಬನ್' ಸಂಕಲನದ ಹೆಸರು ಚಿಟಗುಪ್ಪ, ಹುಮ್ನಾಬಾದಿನ ಎಷ್ಟು ಮಕ್ಕಳಿಗೆ ಗೊತ್ತು?

ಕನ್ನಡದ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿಲ್ಲ. ಡಿಸ್ನಿ ವಾಹಿನಿ 2004ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗನ್ನು ತಡೆಯುತ್ತ ಬಂದಿತ್ತು. ಮದರಾಸಿನ ಸ್ಟುಡಿಯೋಗಳ ನೆರಳಿನಲ್ಲಿ ಬೆಳೆಯುತ್ತಿದ್ದ ಸಣ್ಣ ಉದ್ಯಮಕ್ಕೆ ಆಗ ಅದು ಬದುಕಿನ ಪ್ರಶ್ನೆಯಾಗಿತ್ತು, ನಿಜ. ಆದರೆ ನಟರ ಅನ್ನಕ್ಕಾಗಿ ಹಾಕಿದ ಬೇಲಿ ಮಕ್ಕಳ ಮಾತಿಗೂ ಅಡ್ಡವಾದದ್ದನ್ನು ಯಾರೂ ಗಮನಿಸಲಿಲ್ಲ. 2009ರಲ್ಲಿ ಚಿಂಟು ಟಿವಿ ಕಾರ್ಟೂನುಗಳನ್ನು ಕನ್ನಡದಲ್ಲಿ ತೋರಿಸತೊಡಗಿತು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆ ಕಾನೂನುಬಾಹಿರವೆಂದಿತು. ಅಷ್ಟರಲ್ಲಿ ಒಂದು ತಲೆಮಾರು ನೋಬಿತಾನೊಂದಿಗೆ ಹಿಂದಿಯಲ್ಲಿ ಬೆಳೆದಿತ್ತು. 2025ರ ಸೆಪ್ಟೆಂಬರಿನಲ್ಲೂ ಜಪಾನಿನ 'ಡೀಮನ್ ಸ್ಲೇಯರ್' ಚಿತ್ರ ನಮ್ಮ ಥಿಯೇಟರುಗಳಿಗೆ ಹಿಂದಿ, ತಮಿಳು, ತೆಲುಗು ಮಾತುಗಳಲ್ಲಿ ಬಂತು. ಕನ್ನಡ ಈಗಲೂ ಬಾಗಿಲ ಹೊರಗೆ.

ಇದರ ಪರಿಣಾಮ ಬಸವಕಲ್ಯಾಣದಂಥ ಊರಿನಲ್ಲಿ ಬೆಂಗಳೂರಿಗಿಂತ ಹೆಚ್ಚು. ಉರ್ದು ಮಾಧ್ಯಮದಲ್ಲಿ ಓದುವ ಮಗುವಿಗೆ ಕನ್ನಡವೆಂದರೆ ಒಂದು ಪೀರಿಯಡ್ಡು, ಒಂದು ಪಠ್ಯಪುಸ್ತಕ, ಒಂದು ಪಾಸು ನಪಾಸು. ಆ ಪುಸ್ತಕದ ಕನ್ನಡವೂ ಬೀದಿಯ "ಏನ್ ಮಾಡ್ಲಕತ್ತಿ" ಎಂಬ ಕನ್ನಡದಿಂದ ದೂರ. ನಗಿಸದ, ಹೆದರಿಸದ, ಕನಸಿನಲ್ಲಿ ಬಾರದ ಭಾಷೆಯನ್ನು ಯಾವ ಮಗುವೂ ಪ್ರೀತಿಸುವುದಿಲ್ಲ. ಮುಂದೆ ಯಾರೋ ಬಂದು, ಈ ಮುಸ್ಲಿಮರ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ಆರೋಪಿಸುತ್ತಾರೆ. ಅದೇ ಕಾರ್ಟೂನನ್ನು ಅದೇ ಹಿಂದಿಯಲ್ಲಿ ನೋಡಿ ಬೆಳೆದ ಪಕ್ಕದ ಮನೆಯ ಲಿಂಗಾಯತರ ಹುಡುಗನ ಹೆಸರನ್ನು ಆಗ ಯಾರೂ ಎತ್ತುವುದಿಲ್ಲ.

ನಿಷೇಧ ಪರಿಹಾರವೇ? 2013ರ ಫೆಬ್ರವರಿಯಲ್ಲಿ ಬಾಂಗ್ಲಾದೇಶ ಹಿಂದಿ ಡೋರೇಮಾನಿಗೆ ತಡೆಹಾಕಿತು. ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಆಡುತ್ತಿದ್ದಾರೆಂಬುದು ಕಾರಣ. 2016ರಲ್ಲಿ ಪಾಕಿಸ್ತಾನದ ಪಂಜಾಬ್ ವಿಧಾನಸಭೆಯಲ್ಲೂ ನಿಷೇಧ ಕೋರಿ ನಿರ್ಣಯ ಸಲ್ಲಿಕೆಯಾಯಿತು. ಭಾಷೆಗಾಗಿ ಪ್ರಾಣ ಕೊಟ್ಟ ಬಂಗಾಳಿಗಳ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಟಿವಿಯಿಂದ ತೆಗೆದದ್ದು ಮೊಬೈಲಿಗೆ ಬರುವ ಕಾಲವಿದು. ಅಲ್ಲದೆ ಹಸಿದ ಮಗುವಿನ ಕೈಯಿಂದ ಪರರ ರೊಟ್ಟಿ ಕಿತ್ತುಕೊಂಡವರು ತಮ್ಮ ರೊಟ್ಟಿಯನ್ನೂ ಮುಂದಿಡಬೇಕಾಗುತ್ತದೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಡೋರೇಮಾನ್ ಕನ್ನಡದಲ್ಲಿ ಮಾತಾಡಲಿ, ಸಾಧ್ಯವಾದರೆ ನಮ್ಮ ಭಾಗದ ಕನ್ನಡದಲ್ಲೂ. ಸರಕಾರದ ಕನ್ನಡ ಅಭಿವೃದ್ಧಿಯ ಹಣದಲ್ಲಿ ಒಂದಿಷ್ಟು ಮಕ್ಕಳ ಚಿತ್ರಗಳ ಧ್ವನಿಗೆ ಹೋಗಲಿ. ಉರ್ದು ಶಾಲೆಗಳ ಗ್ರಂಥಾಲಯದಲ್ಲಿ ಅಮರ್ ಅಯ್ಯಾರನ ಕಥೆಗಳು ಸರಳ ಕನ್ನಡದಲ್ಲಿ, ದುರ್ಗಸಿಂಹನ ಕಥೆಗಳು ಸರಳ ಉರ್ದುವಿನಲ್ಲಿ ಇರಲಿ. ಶಾಲಾ ವಾರ್ಷಿಕೋತ್ಸವಗಳಲ್ಲಿ ಸಿನೆಮಾ ಹಾಡಿಗೆ ಕುಣಿಸುವ ಬದಲು ಒಮ್ಮೆ ಖತೀಬರನ್ನು ಓದಿಸಲಿ. ಸಂಸ್ಕೃತ ಬಲ್ಲವರಿಗೆ ಮೀಸಲಾಗಿದ್ದ ಅನುಭಾವವನ್ನು ಜನರ ಕನ್ನಡಕ್ಕೆ ಇಳಿಸಿದ ಶರಣರ ಊರು ಕಲ್ಯಾಣ. ಆ ಊರಿನ ಮಕ್ಕಳು ನಗುವುದಕ್ಕೆ ಮಾತ್ರ ಮುಂಬೈಯ ಸ್ಟುಡಿಯೋದ ಕಡೆಗೆ ಮುಖಮಾಡಿ ಕೂರಬೇಕೆ?

ಇವೆಲ್ಲ ಆಗುವವರೆಗೆ ತಾಯಂದಿರು, ಅಜ್ಜಿಯರು ಮಾಡಬಹುದಾದ ಕೆಲಸವೊಂದಿದೆ. ಕಂತು ಮುಗಿದ ಮೇಲೆ ಆ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳು ಎಂದು ಮಗುವನ್ನು ಕೇಳುವುದು. "ನಕ್ಕೋ", "ಬ್ಯಾಡ" ಎನ್ನುವ ನೋಬಿತಾ ಹುಟ್ಟುವುದಕ್ಕೆ ಅಷ್ಟು ಸಾಕು.